ಗೋಡೆಯೊಳಗಿನ ಹಗೇವು

ಲೋಕವೆಲ್ಲ ಕುಸಿದು ಬೀಳುವ ದಿನಕ್ಕೆ ನಮ್ಮ ಮನೆಯವರು ತಯಾರಿ ಶುರುಮಾಡಿದಾಗ, ಉಳಿಯಬೇಕಾದವರು ಅಂತ ಹಿಡಿದದ್ದು ನಾಲ್ಕೇ ಜನರನ್ನು. ಅವರು, ನಾನು, ಮಾಲೂರಿನಲ್ಲಿರುವ ಮಗಳು, ಅಳಿಯ. ಊಟಕ್ಕೆ ಕೂತಾಗ ಎಡಗೈ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಹೇಳಿದರು. ಹೆಬ್ಬೆರಳು ಮಾತ್ರ ನೆಟ್ಟಗೆ ನಿಂತಿತ್ತು. ನಾನು ಅದನ್ನೇ ನೋಡುತ್ತಾ "ನಮ್ಮಮ್ಮ?" ಅಂದೆ.

"ನಿಮ್ಮಮ್ಮನಿಗೆ ಎಂಬತ್ತು ದಾಟ್ತು ಕಣೇ. ಅಂಥಾ ಕಾಲ ಬಂದ್ರೆ ಆ ವಯಸ್ಸಿನವರು ಹೇಗೂ..." ಅಂದವರು ಮಾತನ್ನು ಅಲ್ಲಿಗೇ ಬಿಟ್ಟು ಸಾರಿಗೆ ಕೈ ಚಾಚಿದರು.

ನಾನು ಸಾರಿನ ಪಾತ್ರೆ ಎತ್ತಿಕೊಂಡು ಅಡುಗೆಮನೆಗೆ ಹೋದೆ. ಆವತ್ತು ಅವರು ಮುದ್ದೆಯನ್ನು ಉಪ್ಪಿನಕಾಯಿ ನಂಚಿಕೊಂಡು ನುಂಗಿದರು. ಯಾಕೆ ಅಂತ ಒಂದು ಮಾತು ಕೇಳಲಿಲ್ಲ. ನಾನು ಶ್ರೀನಿವಾಸಪುರದ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಹೇಳುವವಳು. ಸಿಟ್ಟು ಇಳಿದ ಮೇಲೆ ಬರೆಯಿರಿ ಅಂತ ಮಕ್ಕಳಿಗೆ ಹೇಳುತ್ತಿರುತ್ತೇನೆ. ನನ್ನ ಸಿಟ್ಟು ಇಳಿಯಲಿ ಅಂತ ಕಾದರೆ ಇದನ್ನು ಬರೆಯುವುದೇ ಆಗುವುದಿಲ್ಲ.

ಅವರು ಕೆಟ್ಟವರಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಹೇಳುವ ಮನಸ್ಸು ಇರುತ್ತದೋ ಇಲ್ಲವೋ. ವೇಮಗಲ್‌ನ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ಯಾವ ಬೋಲ್ಟು ಯಾವ ಕಪಾಟಿನಲ್ಲಿದೆ ಅಂತ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರಂತೆ. ಆ ಬೋಲ್ಟನ್ನು ಕೇಳಿಕೊಂಡು ಬಂದವನ ಹೆಸರು ಮಾತ್ರ ಎಂದೂ ನೆನಪಿರುತ್ತಿರಲಿಲ್ಲ. ಮನೆಗೆ ಬಂದು ಕಾರ್ಖಾನೆಯ ಮಾತು ಹೇಳುವಾಗ 'ಲೇತಿನವನು' ಅನ್ನುತ್ತಿದ್ದರು, 'ಕ್ಯಾಂಟೀನಿನವಳು' ಅನ್ನುತ್ತಿದ್ದರು. ಹೊಸದರಲ್ಲಿ ನಾನು ನಗುತ್ತಿದ್ದೆ.

ಅವರ ತಲೆ ತಿರುಗಿದ್ದು ಕೊರೋನಾದ ಎರಡನೇ ಅಲೆಯಲ್ಲಿ. ಕೋಲಾರದಲ್ಲಿದ್ದ ಅವರ ಅಣ್ಣ, ನನ್ನ ಭಾವ, ಉಸಿರಿಗೆ ಒದ್ದಾಡುತ್ತಿದ್ದರು. ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿತ್ತು, ಆಕ್ಸಿಜನ್ ಇರಲಿಲ್ಲ. ನಮ್ಮ ಮನೆಯವರೂ ಜ್ವರದಲ್ಲಿ ಮಲಗಿದ್ದರು. ಮಲಗಿದಲ್ಲಿಂದಲೇ ಒಂದು ಸಿಲಿಂಡರಿಗಾಗಿ ಗೊತ್ತಿದ್ದವರಿಗೆಲ್ಲ ಫೋನ್ ಮಾಡಿದರು. ಕಾರ್ಖಾನೆಯ ಮೇಲಿನವರಿಗೆ, ದಾಯಾದಿಗಳಿಗೆ, ಒಟ್ಟಿಗೆ ಓದಿದವರಿಗೆ. ಕೆಲವರು ಎತ್ತಲಿಲ್ಲ. ಎತ್ತಿದವರು ನೋಡ್ತೀನಿ ಅಂದರು. ಭಾವ ಹೋದರು.

ಅವತ್ತು ಕೋಲಾರಕ್ಕೆ ಹೋದವಳು ನಾನು. ಅಕ್ಕಪಕ್ಕದವರೆಲ್ಲ ಬಾಗಿಲು ಹಾಕಿಕೊಂಡಿದ್ದ ಬೀದಿಯಲ್ಲಿ ಭಾವನ ಹೆಣ ಎತ್ತಲು ಯಾರೂ ಇರಲಿಲ್ಲ ಅಂತ ನಮ್ಮ ಮನೆಯವರು ಇವತ್ತಿಗೂ ಹೇಳುತ್ತಾರೆ. ಯಾರೂ ಇರಲಿಲ್ಲವೇ? ನಾಲ್ಕು ಜನ ಬಂದಿದ್ದರು. ಮೈಗೆಲ್ಲ ಬಿಳಿ ಪ್ಲಾಸ್ಟಿಕ್ ಸುತ್ತಿಕೊಂಡು, ಬೆವರಿನಲ್ಲಿ ತೊಯ್ದು. ಎಲ್ಲಿಯವರೋ, ಯಾವ ಜಾತಿಯವರೋ. ಅವರಲ್ಲೊಬ್ಬ, "ಅಮ್ಮಾ, ನೀವ್ ದೂರ ನಿಂತ್ಕೊಳ್ಳಿ, ನಾವ್ ನೋಡ್ಕೋತೀವಿ" ಅಂದ. ಹೆಗಲು ಕೊಟ್ಟರು, ಸೌದೆ ಜೋಡಿಸಿದರು, ಭಾವನ ತಲೆಯನ್ನು ಯಾವ ದಿಕ್ಕಿಗೆ ಇಡಬೇಕು ಅಂತ ನನ್ನನ್ನು ಕೇಳಿದರು. ಇದನ್ನು ಎಷ್ಟು ಸಲ ಹೇಳಿದ್ದೇನೋ. ನಮ್ಮ ಮನೆಯವರ ನೆನಪಿನಲ್ಲಿ ಉಳಿದಿರುವುದು ಎತ್ತದ ಫೋನುಗಳು ಮಾತ್ರ. ನನ್ನ ನೆನಪಿನಲ್ಲಿ ಆ ನಾಲ್ಕು ಜನ ಇದ್ದಾರೆ. ಒಂದೇ ಸಾವಿನಿಂದ ನಾವಿಬ್ಬರೂ ಎರಡು ಪಾಠ ಕಲಿತು ಬಂದೆವು. ಅಲ್ಲಿಂದ ಮುಂದೆ ಮನೆಯಲ್ಲಿ ನಡೆದ ಜಗಳವೆಲ್ಲ ಅದೇ ಜಗಳ.

ರಿಟೈರ್ ಆಗಿ ಬಂದ ದುಡ್ಡಿನಲ್ಲಿ ಶ್ರೀನಿವಾಸಪುರದಿಂದ ಸ್ವಲ್ಪ ಆಚೆ ಒಂದು ಪುಟ್ಟ ಮಾವಿನ ತೋಟ, ಅದರಲ್ಲೊಂದು ಮನೆ ತಗೊಂಡೆವು. ಮರದ ನೆರಳು, ಹಕ್ಕಿಪಕ್ಕಿ ಅಂತ ನಾನು ಕುಣಿದೆ. ಅವರು ಬೇರೆಯದೇ ಯೋಚನೆಯಲ್ಲಿದ್ದರು. ಫೋನಿನಲ್ಲಿ ಅದೆಲ್ಲಿಯವೋ ವಿಡಿಯೋಗಳು. ಕರೆಂಟು ಹೋಗುತ್ತದೆ, ಬ್ಯಾಂಕು ಮುಚ್ಚುತ್ತದೆ, ಪೆಟ್ರೋಲು ಮುಗಿಯುತ್ತದೆ, ಆಮೇಲೆ ಜನ ಜನವನ್ನೇ ಕಿತ್ತು ತಿನ್ನುತ್ತಾರೆ ಅಂತ ಯಾರೋ ಗಡ್ಡದವನು ನೆಲಮಾಳಿಗೆಯಲ್ಲಿ ಡಬ್ಬಿಗಳನ್ನು ಜೋಡಿಸುತ್ತಾ ಹೇಳುತ್ತಿದ್ದ. ಇವರು ತಲೆ ಆಡಿಸುತ್ತಿದ್ದರು. ಮೊದಲು ಸೋಲಾರ್ ಬಂತು, ಆಮೇಲೆ ದೊಡ್ಡ ದೊಡ್ಡ ಬ್ಯಾಟರಿಗಳು ಬಂದವು. ಹೊಗೆಯಲ್ಲೂ ಉಸಿರಾಡಬಹುದು ಅಂತ ಆನೆಯ ಸೊಂಡಿಲಿನಂಥ ಒಂದು ಮಾಸ್ಕ್ ತರಿಸಿದರು. ಅದನ್ನು ಹಾಕಿಕೊಂಡು ಕನ್ನಡಿ ಮುಂದೆ ನಿಂತಾಗ, "ಸಂಕಷ್ಟಿಗೆ ಕುರುಡುಮಲೆಗೆ ಹೋಗೋದು ಬೇಡ ಬಿಡಿ, ಗಣೇಶ ಮನೆಗೇ ಬಂದಿದ್ದಾನೆ" ಅಂದೆ. ಅವರು ನಗಲಿಲ್ಲ.

ಆಮೇಲೆ ಗೋಡೆ ಬಂತು.

ನಮ್ಮ ತೋಟದ ಒಂದು ಅಂಚಿನಲ್ಲಿ ಕಾಲುದಾರಿಯೊಂದಿತ್ತು. ಹಿಂದಿನ ಹಳ್ಳಿಯವರು ಬಸ್ಸಿಗೆ ಬರುವುದು ಅದರಲ್ಲೇ. ಪಕ್ಕದ ತೋಟದವರು ಮಾವಿನ ಸುಗ್ಗಿಯಲ್ಲಿ ಕಾಯಿ ಹೊತ್ತು ಬರುವುದೂ ಅದರಲ್ಲೇ. ಕಾಗದದಲ್ಲಿ ಅದು ನಮ್ಮ ಜಾಗವಂತೆ. ಇರಬಹುದು. ಅಲ್ಲಿ ಆಳೆತ್ತರವನ್ನೂ ಮೀರಿ ಇಟ್ಟಿಗೆ ಗೋಡೆ ಎದ್ದಿತು, ಮೇಲೆ ಗಾಜಿನ ಚೂರು, ಮುಂದೆ ಕಬ್ಬಿಣದ ತಗಡಿನ ಗೇಟು. ಗೇಟಿನಲ್ಲಿ ಅಂಗೈಯಗಲದ ಒಂದು ಕಿಂಡಿ. ಒಳಗಡೆ ಬೀಗ, ಬೀಗದ ಕೈ ಅವರ ಪ್ಯಾಂಟಿನ ಜೇಬಿನಲ್ಲಿ. ಇನ್ನೊಂದು ಕೈ ಮಾಡಿಸಿಕೊಡಿ ಅಂದರೆ, ಕೀ ಹೆಚ್ಚಾದಷ್ಟೂ ಅಪಾಯ ಅಂದರು. ಸ್ಕೂಲಿನಿಂದ ಬಿಸಿಲಲ್ಲಿ ಬಂದು, ನನ್ನ ಮನೆಯ ಮುಂದೆಯೇ ನಿಂತು, ಬಾಗಿಲು ತೆಗೀರಿ ಅಂತ ಫೋನ್ ಮಾಡಬೇಕು. ಮೈ ಉರಿಯದೆ ಇನ್ನೇನಾಗುತ್ತದೆ?

ಪಕ್ಕದ ತೋಟ ಒಂದು ಸಾಬರ ಮನೆಯವರದ್ದು. ತಲೆತಲಾಂತರದಿಂದ ಮಾವಿನ ವ್ಯಾಪಾರ. ಆ ಮನೆಯಾಕೆಯನ್ನು ನಾನು ಅಕ್ಕ ಅನ್ನುವ ಹಾಗೆ ಆಪಾ ಅಂತೀನಿ, ಆಕೆ ನನ್ನನ್ನು ಟೀಚರಮ್ಮ ಅಂತಾರೆ. ನಾವು ಬಂದ ಮೊದಲ ವರ್ಷವೇ, ಹೊಸಬರು ಅಂತ ಒಂದು ಕುಕ್ಕೆ ಬಾದಾಮಿ ಹಣ್ಣು ಕಳಿಸಿದ್ದರು. ಗೋಡೆ ಏಳುತ್ತಿದ್ದಾಗ ಆಕೆಯ ಗಂಡ ಬಂದು ಕಿಂಡಿಯ ಹೊರಗೆ ನಿಂತರು. "ಸಾರ್, ಜಾಗ ನಿಮ್ದೇ, ಇಲ್ಲ ಅನ್ನಲ್ಲ. ಒಂದಾಳು ದಾಟೋಷ್ಟು ಸಂದು ಬಿಡಿ ಸಾರ್, ಪುಣ್ಯ ಬರ್ತದೆ. ಮುದುಕೀರು ಸುತ್ತ್ಕೊಂಡು ಬರ್ಬೇಕು" ಅಂದರು. ನಮ್ಮ ಮನೆಯವರು ಕಿಂಡಿಯಿಂದಲೇ, "ಆಗಲ್ಲಪ್ಪಾ" ಅಂದು ಮುಚ್ಚಿದರು. ಒಳಗೆ ಬಂದು ನನಗೆ ಹೇಳಿದ್ದು, "ಆ ಮಾವಿನಕಾಯಿಯವನು ಬಂದಿದ್ದ." ಪಕ್ಕದಲ್ಲೇ ಇದ್ದರೂ ಅವರು ನಮ್ಮ ಮನೆಯವರ ಬಾಯಲ್ಲಿ ಮಾವಿನಕಾಯಿಯವನೇ.

ಮಾರನೆಯ ದಿನ ಬಸ್ ಸ್ಟಾಪಿನಲ್ಲಿ ಆಪಾ ಸಿಕ್ಕಿದಾಗ ನನಗೆ ಮುಖ ಎತ್ತಲಾಗಲಿಲ್ಲ. ಆಕೆಯೇ, "ಸಾರ್‌ಗೆ ಅಣ್ಣ ಹೋದ ನೋವು, ಏನ್ ಮಾಡೋದು ಟೀಚರಮ್ಮ" ಅಂದರು. ಆಕೆ ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಇನ್ನು ಹಗೇವಿನ ಮಾತು. ಈಗಿನವರು ನೋಡಿರಲಿಕ್ಕಿಲ್ಲ. ನೆಲದೊಳಗಿನ ಕಣಜ ಅದು. ಗಟ್ಟಿ ಮಣ್ಣಿನಲ್ಲಿ ಗುಡಾಣದ ಹಾಗೆ ತೋಡುತ್ತಾರೆ, ಬಾಯಿ ಸಣ್ಣ, ಹೊಟ್ಟೆ ದೊಡ್ಡ. ಒಳಗೆಲ್ಲ ರಾಗಿಹುಲ್ಲು ಕೊಟ್ಟು, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡದೆ ಇರುತ್ತದೆ. ಮುಳಬಾಗಿಲ ಕಡೆಯ ನನ್ನ ತವರಿನಲ್ಲಿ ಮನೆ ಮುಂದೆಯೇ ಒಂದಿತ್ತು. ಅದರ ಮೇಲೆ ಕುಂಟೆಬಿಲ್ಲೆ ಆಡಿ ಬೆಳೆದವಳು ನಾನು. ಅದರ ಬಗ್ಗೆ ನಮ್ಮ ಮನೆಯವರಿಗೆ ಕಥೆ ಕಥೆಯಾಗಿ ಹೇಳಿದವಳೂ ನಾನೇ. ಅವರಿಗೆ ಅದರಲ್ಲಿ ಹಿಡಿಸಿದ್ದು ಒಂದೇ, ಮೇಲಿಂದ ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ ಅನ್ನುವುದು.

ಮೂಲೆಯ ಹುಣಸೆಮರದ ಹತ್ತಿರ ಹಗೇವು ತೋಡಿಸಿದರು. ಊರಿನವರಿಗೆ ಸುಳಿವು ಸಿಗಬಾರದು ಅಂತ ಆಂಧ್ರದ ಗಡಿಯಾಚೆಯಿಂದ ಆಳುಗಳನ್ನು ಕರೆಸಿದರು. ಸೆಪ್ಟಿಕ್ ಟ್ಯಾಂಕ್ ಅಂತ ಹೊರಗೆ ಸುದ್ದಿ ಬಿಟ್ಟರು. ಎಲ್ಲೆಲ್ಲಿಂದಲೋ ರಾಗಿ ತಂದು ಅರ್ಧದಷ್ಟು ತುಂಬಿಸಿ, ಚಪ್ಪಡಿ ಮುಚ್ಚಿ, ಮೇಲೆ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿದರು. ಸಂಜೆ ಆ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುವಾಗ ಅವರ ಮುಖದಲ್ಲಿ ಒಂದು ಕಳೆ ಇರುತ್ತಿತ್ತು. ನನ್ನನ್ನೂ ಬಾ ಕೂತ್ಕೋ ಅನ್ನುತ್ತಿದ್ದರು. ನನ್ನಮ್ಮನಿಗೆ ಪಾಲಿಲ್ಲದ ರಾಗಿಯ ಮೇಲೆ ನಾನು ಕೂರಲಿಲ್ಲ.

ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವಳು ಮೊದಲು ನಕ್ಕಳು. ಆಮೇಲೆ ದನಿ ಬದಲಾಯಿತು. "ಏಮೇ, ಹಗೇವು ತುಂಬೋದು ಒಬ್ಬ ತುಂಬ್‌ಬೌದು. ತೆಗೆಯೋದು ಯಾರ್ ತೆಗೀತಾರೆ? ಒಬ್ರೇ ತೆಗೆಯೋ ಸಾಮಾನಾ ಅದು? ನಿನ್ ಗಂಡನಿಗೆ ಹೇಳ್ದಾ?"

ಹೇಳಿದ್ದೆ. ಎಲ್ಲವನ್ನೂ ಹೇಳಿದ್ದೆ. ತವರಿನಲ್ಲಿ ಹಗೇವು ತೆಗೆಯುವುದು ಅಂದರೆ ಕೇರಿಯ ಕೆಲಸ. ಮುನ್ನಾದಿನವೇ ಚಪ್ಪಡಿ ಸರಿಸಿ ಬಾಯಿ ಬಿಡುತ್ತಿದ್ದರು. ಒಳಗಿನ ಗಾಳಿ ಕೆಟ್ಟಿರುತ್ತದೆ, ವಾಸನೆ ಇರುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ, ಆಳನ್ನು ನಿಂತಲ್ಲೇ ಕೆಡವುತ್ತದೆ. ಹುಣಸೆ ಕೊಂಬೆಗಳನ್ನು ಇಳಿಬಿಟ್ಟು ಆಡಿಸುತ್ತಿದ್ದರು. ಆಮೇಲೆ ದೀಪ ಇಳಿಸಿ ನೋಡುತ್ತಿದ್ದರು. ದೀಪ ಉಳಿದರೆ ಮಾತ್ರ ಒಬ್ಬ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುತ್ತಿದ್ದ. ಮೇಲಿದ್ದವರು ಹಗ್ಗ ಹಿಡಿದು ಅವನ ಹೆಸರು ಕೂಗುತ್ತಲೇ ಇರಬೇಕು, ಅವನು ಓಗೊಡುತ್ತಲೇ ಇರಬೇಕು. ಒಂದು ಸಲ ಉತ್ತರ ಬರಲಿಲ್ಲವೋ, ಯಾಕೆ ಏನು ಅಂತ ಯೋಚಿಸದೆ ಎಳೆದುಬಿಡಬೇಕು. ಇನ್ನೊಂದು ಮಾತು, ತೆಗೆದ ಹಗೇವನ್ನು ಅರ್ಧಕ್ಕೆ ಮುಚ್ಚುವ ಹಾಗಿಲ್ಲ. ಗಾಳಿ ಹೊಕ್ಕ ಮೇಲೆ ಹುಳ ಬೀಳುತ್ತದೆ, ಅಷ್ಟೂ ಹೊರಗೆ ಬರಬೇಕು. ಅದಕ್ಕೇ ಹಲವು ಮನೆಯ ರಾಗಿ ಒಂದೇ ಹಗೇವಿನಲ್ಲಿರುತ್ತಿತ್ತು, ಇಲ್ಲದವರ ಮನೆಗೂ ಅಷ್ಟು ಹೋಗುತ್ತಿತ್ತು. ದಿನಾ ಬೆಳಿಗ್ಗೆ ಒಂದೊಂದು ಸೇರು ತೆಗೆದುಕೊಂಡು, ಗಂಡ ಹೆಂಡತಿ ಮುದ್ದೆ ಮಾಡಿಕೊಂಡು ತಿನ್ನುವುದಕ್ಕೆ ಅದು ಅಡುಗೆಮನೆಯ ಡಬ್ಬಿಯಲ್ಲ.

"ಅದೆಲ್ಲ ಹಳೇ ಕಾಲದ್ದು ಕಣೇ. ಈಗ ಏಣಿ ಇದೆ, ಮಾಸ್ಕ್ ಇದೆ" ಅಂದಿದ್ದರು ನಮ್ಮ ಮನೆಯವರು.

"ನಾಳೆ ಲೋಕ ಮುಳುಗಿದಾಗ ಹಗ್ಗ ಹಿಡಿಯೋರು ಯಾರ್ರೀ? ನಿಮ್ಮ ಬ್ಯಾಟ್ರಿನಾ?" ಅಂದೆ.

"ಫೋನ್ ಮಾಡಿದಾಗ ಯಾರು ಬಂದ್ರು? ಹೇಳು. ಒಬ್ರ ಹೆಸರು ಹೇಳು."

ಆ ನಾಲ್ಕು ಜನರ ಹೆಸರು ನನಗೂ ಗೊತ್ತಿಲ್ಲ. ನಮ್ಮ ಮನೆಯವರು ಗೆದ್ದವರ ಹಾಗೆ ಎದ್ದುಹೋದರು.

ಎರಡು ವರ್ಷ ಹೀಗೇ ಹೋಯಿತು. ಲೋಕ ಮುಳುಗಲಿಲ್ಲ. ಈ ಸಲದ ಮಾವಿನ ಸುಗ್ಗಿಯಲ್ಲಿ ಒಂದು ದಿನ ಜೋರು ಮಳೆ ಬಿತ್ತು. ಹಗೇವಿನ ಸುತ್ತ ನೀರು ನಿಂತಿತು. ನಮ್ಮ ಮನೆಯವರಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ರಾಗಿಗೆ ತೇವ ಹಿಡಿದಿದ್ದರೆ ಏನು ಗತಿ? ಯಾರನ್ನಾದರೂ ಕರೆಸೋಣ ಅಂದೆ. ಬೇಡ ಅಂದರು. ಅಮ್ಮನನ್ನಾದರೂ ಕೇಳೋಣ ಅಂದೆ. ಅವರು ಛತ್ರಿ ಹಿಡಿದು ಹಗೇವಿನ ಕಡೆ ಹೊರಟುಬಿಟ್ಟರು.

ಭಾನುವಾರ ಬೆಳಿಗ್ಗೆ ನಾನು ಒಲೆಯ ಮೇಲೆ ಹುರುಳಿಕಾಳು ಬೇಯಲು ಇಟ್ಟು ನುಗ್ಗೆಸೊಪ್ಪು ಬಿಡಿಸುತ್ತಿದ್ದೆ. ಇವರು ಹೊರಗೆ ಏನೋ ಸರಪಳಿ ಸದ್ದು ಮಾಡುತ್ತಿದ್ದರು. ಅವರ ಸಾಮಾನುಗಳ ಸದ್ದು ನನಗೆ ಅಭ್ಯಾಸವಾಗಿತ್ತು. ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ, ಕಾಫಿ ಬೇಕೇನೋ ಅಂತ ಬಾಗಿಲಿಗೆ ಬಂದು "ರೀ" ಅಂದೆ. ಉತ್ತರ ಬರಲಿಲ್ಲ. ಕುರ್ಚಿಗಳು ಪಕ್ಕಕ್ಕಿದ್ದವು. ಚಪ್ಪಡಿ ಸರಿದಿತ್ತು.

ಓಡಿದೆ. ಬಾಯೊಳಗೆ ಇಣುಕಿದರೆ ಕೈಗೆಟುಕುವಷ್ಟು ಕೆಳಗೆ ಅವರ ತಲೆ. ಇಳಿದವರಿಗೆ ಸುಸ್ತು ಬಡಿದು, ಮತ್ತೆ ಹತ್ತಲು ಹೋಗಿ, ಏಣಿಯ ಮೆಟ್ಟಿಲಿಗೆ ಒಂದು ತೋಳು ಸಿಕ್ಕಿಸಿಕೊಂಡು ಜೋತುಬಿದ್ದಿದ್ದರು. ಮುಖಕ್ಕೆ ಆ ಸೊಂಡಿಲು. ಒಳಗೆ ಉಸಿರಾಡುವ ಗಾಳಿಯೇ ಇಲ್ಲದಿದ್ದಾಗ ಸೊಂಡಿಲು ಇಟ್ಟುಕೊಂಡು ಏನು ಮಾಡುವುದು? ನೆಲಕ್ಕೆ ಬೋರಲು ಬಿದ್ದು, ಎರಡೂ ಕೈ ಒಳಗೆ ತೂರಿಸಿ, ಮೊದಲು ಅದನ್ನು ಕಿತ್ತೆಸೆದೆ. ಒಂದು ಕೈಯಲ್ಲಿ ಕಾಲರು ಹಿಡಿದೆ, ಇನ್ನೊಂದು ಕೈಯನ್ನು ಕಂಕುಳಿಗೆ ಹಾಕಿ ಎಳೆದೆ. ತಲೆ ಹಗೇವಿನ ಬಾಯಿಯವರೆಗೆ ಬಂತು. ಅಷ್ಟೇ, ಅದರ ಮೇಲೆ ಒಂದಂಗುಲವೂ ಬರಲಿಲ್ಲ. ಬಿಟ್ಟರೆ ಕೆಳಗೆ ಹೋಗುತ್ತಾರೆ. ಬಿಡದೆ ಯಾರನ್ನೂ ಕರೆಯಲು ಹೋಗುವಂತಿಲ್ಲ. ಫೋನು ಅಡುಗೆಮನೆಯಲ್ಲಿ. ಗೇಟಿಗೆ ಬೀಗ. ಬೀಗದ ಕೈ ಅವರ ಜೇಬಿನಲ್ಲಿ, ಹಗೇವಿನೊಳಗೆ.

ಆಗ ನಾನು ಅಳಲಿಲ್ಲ. ಬೈದೆ. ಮೊದಲು ಬಾಯಿಗೆ ಬಂದಿದ್ದೇ ಬೈಗುಳ. ಆಮೇಲೆ, ಮಾತು ನಿಲ್ಲಿಸಬಾರದು ಅನ್ನುವುದು ನೆನಪಿಗೆ ಬಂದು, ಬೇಕೆಂದೇ ಬೈದೆ. ಗೋಡೆಗೆ ಬೈದೆ, ಗಡ್ಡದವನಿಗೆ ಬೈದೆ, ಮಡಿಸದೆ ಬಿಟ್ಟ ಆ ಹೆಬ್ಬೆರಳಿಗೆ ಬೈದೆ. "ಕೇಳಿಸ್ತಾ ಇದೆಯೇನ್ರೀ? ಹ್ಞೂ ಅನ್ರೀ! ನನ್ನಮ್ಮನ್ನ ಬಿಟ್ಟು ಬದುಕೋಕೆ ಹೊರಟಿದ್ರಲ್ಲಾ, ಬದುಕ್ರೀ ಈಗ, ನೋಡೋಣ!" ಅಂತ ಗಂಟಲು ಹರಿಯುವಂತೆ ಕೂಗಿದೆ. ಒಂದು ಸಲ "ಹ್ಞೂ" ಅಂದರು. ಆಮೇಲೆ ಅದೂ ಇಲ್ಲ. ನನ್ನ ತಲೆಯೂ ಸುತ್ತುತ್ತಿತ್ತು. ಮುಖ ಪಕ್ಕಕ್ಕೆ ತಿರುಗಿಸಿ ಉಸಿರೆಳೆದುಕೊಂಡು ಮತ್ತೆ ಕೂಗಿದೆ.

ಪಕ್ಕದ ತೋಟದಲ್ಲಿ ಕಾಯಿ ಕೀಳುತ್ತಿದ್ದರು. ಮರದ ತುದಿಯಲ್ಲಿದ್ದ ಒಬ್ಬನಿಗೆ ಗೋಡೆಯ ಈಚೆ ನಾನು ಬಿದ್ದಿರುವುದು ಕಂಡಿತು. "ಟೀಚರಮ್ಮ ಬಿದ್ದವ್ರೆ!" ಅಂತ ಅವನು ಕೂಗಿದ್ದು ಕೇಳಿಸಿತು. ಗೋಡೆಯಾಚೆ ಓಡಾಟ. ಯಾರೋ ಹತ್ತಲು ಹೋಗಿ ಗಾಜು ಕೊಯ್ದು "ಅಮ್ಮಾ" ಅಂದ ದನಿ. "ಗೇಟ್ ತೆಗೀರಮ್ಮಾ!" ಅಂತ ಆಪಾರ ಗಂಡ, ಆ ಮಾವಿನಕಾಯಿಯವರು, ಕೂಗಿದರು. "ಕೀ ಇವ್ರ ಹತ್ರ ಇದೆ! ಹಗೇವಲ್ಲಿ ಬಿದ್ದವ್ರೆ!" ಅಂದೆ. ಹಗೇವು ಅನ್ನುವ ಮಾತು ಕೇಳಿದ ಮೇಲೆ ಆಚೆಯಿಂದ ಒಂದು ಪ್ರಶ್ನೆಯೂ ಬರಲಿಲ್ಲ. ಟ್ರಾಕ್ಟರ್ ಶುರುವಾದ ಸದ್ದು. ಆಮೇಲೆ ಧಡಾರ್ ಅಂತ ಗೇಟು. ಎರಡನೇ ಗುದ್ದಿಗೆ ಕಂಬದ ಸಮೇತ ಒಳಕ್ಕೆ ಬಿತ್ತು.

ಮಾವಿನಕಾಯಿಯವರು ಓಡಿ ಬಂದು, ಉಸಿರು ಬಿಗಿಹಿಡಿದು ಬಾಯೊಳಗೆ ಸೊಂಟದವರೆಗೆ ಬಗ್ಗಿ, ನಮ್ಮ ಮನೆಯವರ ಕಂಕುಳಿಗೆ ಹಗ್ಗ ಹಾಯಿಸಿದರು. ಮೂರು ನಾಲ್ಕು ಜನ ಎಳೆದು ಹುಣಸೆಮರದ ಕೆಳಗೆ ಮಲಗಿಸಿದರು. ತುಟಿ ನೀಲಿಯಾಗಿತ್ತು. ಆಪಾ ಸೆರಗಿನಲ್ಲಿ ಗಾಳಿ ಹಾಕುತ್ತಾ ಏನೋ ದುವಾ ಹೇಳಿಕೊಳ್ಳುತ್ತಿದ್ದರು. ನಮ್ಮ ಮನೆಯವರು ಒಮ್ಮೆ ವಾಂತಿ ಮಾಡಿ, ದೊಡ್ಡದಾಗಿ ಉಸಿರೆಳೆದರು. ಆಗ ನಾನು ಅತ್ತುಬಿಟ್ಟೆ. ಆಪಾರ ಮನೆಯ ಪಿಕಪ್ ಗಾಡಿಯಲ್ಲಿದ್ದ ಮಾವಿನಕಾಯಿಯ ಕ್ರೇಟುಗಳನ್ನು ಕೆಳಗೆ ಎಸೆದು, ಅದೇ ಪಿಕಪ್‌ನಲ್ಲಿ ಮಲಗಿಸಿಕೊಂಡು ಕೋಲಾರಕ್ಕೆ ಹೋದೆವು. ಅವರ ತಲೆ ನನ್ನ ತೊಡೆಯ ಮೇಲಿತ್ತು, ಕಾಲು ಆಪಾರ ತೊಡೆಯ ಮೇಲೆ.

ಆಸ್ಪತ್ರೆಯಲ್ಲಿ ಈ ಸಲ ಆಕ್ಸಿಜನ್ ಇತ್ತು. ಮಾರನೆಯ ದಿನ ಅವರು ಕಣ್ಣು ಬಿಟ್ಟು ನನ್ನನ್ನು ಗುರುತಿಸಿದರು. ಏನೋ ಹೇಳಬೇಕು ಅನ್ನುವ ಹಾಗೆ ಕೈ ಎತ್ತಿದರು. ನಾನು ಕಿವಿ ಹತ್ತಿರ ತಂದೆ.

"ಗೇಟು ಹಾಕಿದ್ದೀಯಾ?" ಅಂದರು. ಆಮೇಲೆ, "ರಾಗಿ ಇರೋದನ್ನ ಎಲ್ರೂ ನೋಡ್ಬಿಟ್ರಾ?"

ಮೂವತ್ತು ವರ್ಷ ಸಂಸಾರ ಮಾಡಿದವಳು ನಾನು. ಆ ಕ್ಷಣ, ಯಾಕಾದರೂ ಹಿಡಿದುಕೊಂಡೆನೋ ಆ ಕಾಲರನ್ನು ಅನ್ನಿಸಿತು. ಅನ್ನಿಸಿದ್ದನ್ನು ಅನ್ನಿಸಿತು ಅಂತಲೇ ಬರೆಯುತ್ತೇನೆ. ಎದ್ದು ಹೊರಗೆ ಬಂದೆ. ವರಾಂಡದ ಬೆಂಚಿನ ಮೇಲೆ ಮಾವಿನಕಾಯಿಯವರು ಕೂತಿದ್ದರು. ಸುಗ್ಗಿಯ ಕೆಲಸ ಬಿಟ್ಟು, ಅದೇ ಮಣ್ಣಿನ ಶರ್ಟಿನಲ್ಲಿ. ನನ್ನನ್ನು ಕಂಡು ಎದ್ದು ನಿಂತರು.

"ಸಾರ್ ಮಾತಾಡಿದ್ರಾ ಟೀಚರಮ್ಮ?"

"ಆಡಿದ್ರು."

"ಏನಂದ್ರು?"

ಏನಂತ ಹೇಳಲಿ? "ನಿಮ್ಮನ್ನೇ ಕೇಳಿದ್ರು" ಅಂದೆ.

"ನನ್ನನ್ನಾ?" ಅಂದರು. ಆ ಮನುಷ್ಯನ ಮುಖ ಅರಳಿದ್ದನ್ನು ನೋಡಿ ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. "ಅಲ್ಲಾ ದೊಡ್ಡವನು ಬಿಡಿ" ಅಂದು, ಕಣ್ಣು ಒರೆಸಿಕೊಂಡು, ನನಗೆ ಟೀ ತರಲು ಹೋದರು.

ಮನೆಗೆ ಬಂದ ಮೇಲೆ ಗೇಟು ನಿಲ್ಲಿಸಲು ಆಳು ಕರೆಸುತ್ತೇನೆ ಅಂದರು ನಮ್ಮ ಮನೆಯವರು. "ಗೇಟು ನಿಂತ ದಿನ ನಾನು ಮುಳಬಾಗಿಲ ಬಸ್ಸು ಹತ್ತೀನಿ. ಒಳಗೆ ನೀವು, ನಿಮ್ಮ ಬ್ಯಾಟ್ರಿ ಇಬ್ರೂ ಸುಖವಾಗಿರಿ" ಅಂದೆ. ಇದು ಬೆದರಿಕೆಯಲ್ಲ ಅಂತ ಅವರಿಗೂ ಗೊತ್ತಾಯಿತು. ನನ್ನ ಸೀರೆಗಳು ಆಗಲೇ ಚೀಲದಲ್ಲಿದ್ದವು.

ಬಾಯಿ ತೆರೆದ ಹಗೇವು ಹಾಗೇ ಬಿದ್ದಿತ್ತು. ಬಿಟ್ಟರೆ ಅಷ್ಟೂ ರಾಗಿ ಹಾಳು. ಅಮ್ಮನಿಗೆ ಫೋನ್ ಮಾಡಿದೆ. ತಮ್ಮನ ಕಾರಿನಲ್ಲಿ ಬಂದಳು. ಬಿದ್ದ ಗೇಟಿನ ಮೇಲೆ ಕೋಲೂರಿಕೊಂಡು ನಡೆದು ಬಂದು, ಹಗೇವಿನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು. ಲೋಕ ಮುಳುಗುವ ದಿನದ ಎಣಿಕೆಯಲ್ಲಿ ಇಲ್ಲದವಳು! ಕೊಂಬೆ ಕಡಿಸಿದಳು, ಆಡಿಸಿದಳು, ದೀಪ ಇಳಿಸಿದಳು. ಮೊದಲ ಸಲ ದೀಪ ಆರಿತು. "ಇನ್ನೂ ಆಡ್ಸಿ" ಅಂದಳು. ಎರಡನೇ ಸಲ ದೀಪ ಉಳಿಯಿತು.

ಹಿಂದಿನ ಹಳ್ಳಿಯವರು ಚೀಲ, ಕುಕ್ಕೆ ತಂದಿದ್ದರು. ಎಷ್ಟೋ ದಿನದ ಮೇಲೆ ಆ ಕಾಲುದಾರಿಯಲ್ಲಿ ಕಾಲು ಓಡಾಡಿದವು. ಯಾವ ಮನೆಗೆ ಎಷ್ಟು ಅನ್ನುವುದನ್ನು ಅಮ್ಮನೇ ಹೇಳಿದಳು, ಆಪಾರ ಮನೆಗೆ ಮೊದಲು. ಇಳಿಯುತ್ತೇನೆ ಅಂತ ಮುಂದೆ ಬಂದವರು ಮಾವಿನಕಾಯಿಯವರು. ಚಿಕ್ಕಂದಿನಲ್ಲಿ ತಾತನ ಜೊತೆ ಇಳಿದಿದ್ದರಂತೆ. ಸೊಂಟಕ್ಕೆ ಹಗ್ಗ ಕಟ್ಟಿದರು, ಇಳಿದರು. ಒಳಗೆ ಮೊರದಲ್ಲಿ ರಾಗಿ ಬಾಚುವ ಸದ್ದು ಶುರುವಾಯಿತು.

ನಮ್ಮ ಮನೆಯವರು ಜಗಲಿಯ ಮೇಲೆ ಮುಖ ಗಂಟು ಹಾಕಿಕೊಂಡು ಕೂತಿದ್ದರು. ಅಮ್ಮ ಕೋಲು ಎತ್ತಿ ಕರೆದಳು. "ಅಳಿಯಂದ್ರೇ, ಎದ್ದು ಬನ್ನಿ. ಹಗೇವು ಯಾರ್ದೋ ಅವ್ರೇ ಕೂಗ್ಬೇಕು, ನಮ್ಮ ಕಡೆ ಹಂಗೇ. ಒಳಗಿರೋನ್ ಜೀವ ನಿಮ್ಮ ಬಾಯಲ್ಲೈತೆ."

ಅಷ್ಟು ಜನರ ಮುಂದೆ ಬಾರದೆ ಇರಲಾಗಲಿಲ್ಲ. ಬಂದು ಹಗೇವಿನ ಬಾಯಿಯ ಹತ್ತಿರ ನಿಂತರು. ಮೊನ್ನೆ ತಾವೇ ಜೋತುಬಿದ್ದಿದ್ದ ಕತ್ತಲೆಯನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು, ನಾನು ನೋಡಿದೆ. ಬಾಯಿ ತೆರೆದರು. ಆಮೇಲೆ ನನ್ನ ಕಡೆ ತಿರುಗಿ, ಬೇರೆ ಯಾರಿಗೂ ಕೇಳದ ಹಾಗೆ ಕೇಳಿದರು.

"ಅವನ ಹೆಸರೇನೇ?"

ಗೇಟು ಮುರಿದವನು. ಪಿಕಪ್‌ನಲ್ಲಿ ಹೊತ್ತುಕೊಂಡು ಹೋದವನು. ಆಸ್ಪತ್ರೆಯ ಬೆಂಚಿನ ಮೇಲೆ ರಾತ್ರಿ ಕಳೆದವನು. ಇವರ ಮನೆಯ ಪಕ್ಕದಲ್ಲೇ ಬಾಳುತ್ತಿರುವವನು. ನನ್ನ ಮೈಯೆಲ್ಲ ಹತ್ತಿ ಉರಿಯಿತು. ಪಿಸುಗುಡುವ ತಾಳ್ಮೆ ನನಗಿರಲಿಲ್ಲ.

"ನನ್ನನ್ನ ಕೇಳ್ಬೇಡಿ" ಅಂದೆ, ಎಲ್ಲರಿಗೂ ಕೇಳುವ ಹಾಗೆ. "ಒಳಗಿದ್ದಾರಲ್ಲ, ಅವ್ರನ್ನೇ ಕೇಳಿ."

ಆಪಾ ನೆಲ ನೋಡುತ್ತಿದ್ದರು. ನಮ್ಮ ಮನೆಯವರು ಮೊಣಕಾಲೂರಿ, ಹಗೇವಿನ ಬಾಯಿಗೆ ಬಗ್ಗಿದರು.

"ರೀ... ನಿಮ್ಮ ಹೆಸರೇನು?"

ಒಳಗೆ ರಾಗಿ ಬಾಚುವ ಸದ್ದು ನಿಂತಿತು. ನಿಮ್ಮನ್ನೇ ಕೇಳಿದ್ರು ಅಂತ ಆಸ್ಪತ್ರೆಯಲ್ಲಿ ನಾನು ಹೇಳಿದ ಸುಳ್ಳು ಆ ಮನುಷ್ಯನಿಗೆ ಅಲ್ಲಿ, ಆ ಕತ್ತಲೆಯಲ್ಲಿ ತಿಳಿಯಿತು. ನಾನು ಕಣ್ಣು ಮುಚ್ಚಿಕೊಂಡೆ. ಉತ್ತರ ಬರಲಿಲ್ಲ. ಅಮ್ಮ ಹಗ್ಗ ಹಿಡಿದವರ ಕಡೆ ನೋಡಿದಳು. ಅವರು ಹಗ್ಗ ಬಿಗಿ ಮಾಡಿದರು. ಅಷ್ಟರಲ್ಲಿ ನೆಲದ ಹೊಟ್ಟೆಯಿಂದ, ಯಾವ ಸಿಟ್ಟೂ ಇಲ್ಲದೆ, ಆ ಹೆಸರು ಮೇಲೆ ಬಂತು.

ನಮ್ಮ ಮನೆಯವರು ಅದನ್ನು ಒಂದು ಸಲ ಮೆಲ್ಲಗೆ ಹೇಳಿದರು.

"ಜೋರಾಗಿ ಕೂಗಿ" ಅಂದಳು ಅಮ್ಮ. "ರಾಗಿ ಮುಗಿಯೋವರ್ಗೂ ನಿಲ್ಲಿಸ್ಬೇಡಿ."